ಕಟ್ಟಡಕ್ಕೊಂದು ಕಟ್ಟಳೆ ಬೇಡವೇ?

"ತನ್ನ ಹಣ ಹಾಕಿ, ತನ್ನ ನಿವೇಶನದಲ್ಲಿ, ತನಗೆ ತೋರಿದಂತೆ ಕಟ್ಟಡ ಕಟ್ಟಿಸಿಕೊಳ್ಳುವವನನ್ನು ಏಕೆಂದು ಕೇಳಲು ಇತರರಿಗೇನು ಅಧಿಕಾರ?" ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಮಿತ್ರರೊಬ್ಬರು ಈ ಪ್ರಶ್ನೆಯನ್ನೆತ್ತಿ ಧಾರಾಳವಾಗಿ ಚಪ್ಪಾಳೆ ಗಿಟ್ಟಿಸಿಕೊಂಡರು. ಹೊಸದಾಗಿ ಏಳುವ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಹಸಿರು ಕಟ್ಟಡದ ನಿಯಮಗಳನ್ನು ಕಡ್ಡಾಯ ಮಾಡಬೇಕೆಂಬುದು ಅಂದಿನ ಚರ್ಚೆಯ ವಿಷಯ. ನಾನು ವಿಷಯದ ಪರವಾಗಿ ನಿಂತವನು. ಐದು ನಿಮಿಷ ಕಳೆಯಿತೆಂದು ಗಂಟೆ ಬಾರಿಸಿಬಿಟ್ಟುದರಿಂದ ಹೇಳಬೇಕೆಂದಿದ್ದುದರಲ್ಲಿ ಅರ್ಧವೂ ಹೊರಬೀಳಲಿಲ್ಲ. ಉಳಿದುದನ್ನು ಸಂಪಾದಕ ಮಂಡಲಿಯವರ ಔದಾರ್ಯದಿಂದ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಗಂಟೆಯಿಲ್ಲವೆಂಬ ಧೈರ್ಯದಿಂದ ತುಸು ವಿಸ್ತಾರವಾಗಿಯೇ ಬರೆದರೆ ಗುರುಹಿರಿಯರು ಮನ್ನಿಸಬೇಕು.

ಮೊದಲು ಹೆಸರಿನ ವಿಚಾರ. 'ಹಸಿರು ಕಟ್ಟಡ' ಎಂದೊಡನೆ ನಮ್ಮೂರಿನ ಹಿರಿಯರೊಬ್ಬರು, ಹಸಿರು ಬಣ್ಣ ಬಳಿಯಬೇಕೆಂದು ಸರ್ಕಾರ ಹೇಳುತ್ತಿದೆಯೇ ಎಂದು ಕೇಳಿದರು. ಬಾಗಿಲ ಬಳಿ ನಾಲ್ಕು ಹೂವಿನ ಕುಂಡಗಳನ್ನಿಟ್ಟರೆ ಆಯಿತೆಂದು ತಿಳಿದವರೂ ಉಂಟು. ವಾಸ್ತವವಾಗಿ ಅದರ ಅರ್ಥ ಬಹಳ ಸರಳವಾದುದು. ಒಳಗಿರುವವರಿಗೆ ಗಾಳಿ, ಬೆಳಕು, ತಂಪುಗಳನ್ನು ಆದಷ್ಟು ಕಡಮೆ ವಿದ್ಯುತ್ತಿನಲ್ಲಿ ಒದಗಿಸುವ, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುವ, ಬಳಸಿದ ನೀರನ್ನು ಇನ್ನೊಮ್ಮೆ ಬಳಸುವ, ಕಟ್ಟುವ ಸಾಮಗ್ರಿಗಾಗಿ ಭೂಮಿಯನ್ನು ಮಿತಿಮೀರಿ ಬಗೆಯದ ಕಟ್ಟಡವೇ ಹಸಿರು ಕಟ್ಟಡ. ಬಣ್ಣ ಯಾವುದಾದರೂ ಇರಬಹುದು. ತಾರಸಿಯ ಮಟ್ಟಿಗೆ ಬಿಳಿಯೇ ಲೇಸು.

ಇನ್ನು ಮಿತ್ರರ ಪ್ರಶ್ನೆ. ಕಟ್ಟಿಸಿದವನೇ ಅದರ ಸುಖದುಃಖಗಳನ್ನು ಉಣ್ಣುವುದಾಗಿದ್ದರೆ ಅವರ ವಾದವನ್ನು ನಾನೂ ಒಪ್ಪುತ್ತಿದ್ದೆ. ಒಬ್ಬನು ತನ್ನ ವಾಸದ ಮನೆಗೆ ಕಿಟಕಿಯಿಡದೆ ತಾನೇ ಬೆವರಿಕೊಂಡು ಕುಳಿತರೆ ಅವನ ಅವಿವೇಕಕ್ಕೆ ಮರುಗಿ ಸುಮ್ಮನಾಗಬಹುದು. ವಾಣಿಜ್ಯ ಕಟ್ಟಡದ ಸಂಗತಿ ಹಾಗಲ್ಲವಷ್ಟೆ? ಕಟ್ಟಿಸುವವನು ಒಬ್ಬ; ಬಾಡಿಗೆಗೆ ಹಿಡಿದು ತಿಂಗಳು ತಿಂಗಳೂ ಕರೆಂಟು ಬಿಲ್ಲು ಕಟ್ಟುವವನು ಇನ್ನೊಬ್ಬ; ದಿನಕ್ಕೆ ಹತ್ತು ಗಂಟೆ ಒಳಗೆ ನಿಂತು ದುಡಿಯುವವರು ಬೇರೆ ಕೆಲವರು; ಅದರ ಕೊಳವೆಬಾವಿ ಆಳಕ್ಕೆ ಇಳಿದಾಗ ಬತ್ತಿಹೋಗುವುದು ಪಕ್ಕದ ಮನೆಯವರ ಬಾವಿ. ಒಂದೊಂದು ತಪ್ಪಿಗೂ ತಪ್ಪು ಮಾಡದ ಒಬ್ಬನು ತೆರುತ್ತಾನೆ. ಗಾಜಿನ ಗೋಡೆಯನ್ನು ಪಡುವಣಕ್ಕೆ ತಿರುಗಿಸಿದ ಮಾಲೀಕನಿಗೆ ಏಪ್ರಿಲ್ ತಿಂಗಳ ಬಿಲ್ಲು ಬರುವುದಿಲ್ಲ. ಬಾರದ ಬಿಲ್ಲನ್ನು ಉಳಿಸಬೇಕೆಂಬ ಚಿಂತೆ ಅವನಿಗೇಕೆ? ಅರ್ಥಶಾಸ್ತ್ರದ ತರಗತಿಯಲ್ಲಿ ನಮಗೆ ಹೇಳಿಕೊಡುವಂತೆ, ಲಾಭ ಒಬ್ಬನ ಕೈಯಲ್ಲಿ, ನಷ್ಟ ಇನ್ನೊಬ್ಬನ ತಲೆಯ ಮೇಲೆ ಇರುವಲ್ಲಿ ಸಂತೆಯು ತಾನಾಗಿ ನ್ಯಾಯ ಮಾಡುವುದಿಲ್ಲ. ಅಂಥಲ್ಲಿ ಕಾನೂನು ನಡುವೆ ಬರಲೇಬೇಕಾಗುತ್ತದೆ. ನನ್ನ ವಾದದ ತಿರುಳು ಇಷ್ಟೇ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ತಂದೆಯವರು ಗಾರೆ ಕೆಲಸದವರು. ಚಳ್ಳಕೆರೆಯಲ್ಲಿ ಅವರು ಕರಣೆ ಹಿಡಿದು ಗೋಡೆಯೆತ್ತಿದ ಅಂಗಡಿಗಳು ಕೆಲವಿವೆ. ಅಕ್ಕ ಹೆದ್ದಾರಿಯ ಬದಿಯ ಒಂದು ಬಟ್ಟೆ ಮಳಿಗೆಯಲ್ಲಿ ಎರಡು ವರ್ಷ ಸೀರೆಯ ವಿಭಾಗದಲ್ಲಿ ನಿಂತವಳು. ಮೂರು ಅಂತಸ್ತಿನ ಆ ಕಟ್ಟಡದ ಮುಂಭಾಗವೆಲ್ಲ ಗಾಜು, ಅದೂ ತೆರೆಯಲು ಬಾರದಂತೆ ಬಿಗಿದ ಗಾಜು. ಮುಖ ಪಡುವಣಕ್ಕೆ. ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ಸೂರ್ಯನು ನೇರವಾಗಿ ಒಳಗೆ ಬಂದು ಕುಳಿತಂತೆ. ಜನ ತುಂಬಿದ್ದಾಗ ಹವಾನಿಯಂತ್ರಣ ಯಂತ್ರ ನಡೆಯುತ್ತಿತ್ತು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಖರ್ಚೆಂದು ಅದನ್ನು ನಿಲ್ಲಿಸುತ್ತಿದ್ದರು. ಕಿಟಕಿ ತೆರೆಯೋಣವೆಂದರೆ ಕಿಟಕಿಯೇ ಇಲ್ಲ. "ಗಿರಾಕಿ ಬಂದಾಗ ಏಸಿ, ಗಿರಾಕಿ ಹೋದ್ಮೇಲೆ ಬೇಸಿಗೆ ಕಣೋ ತಮ್ಮ" ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಒಂದು ಏಪ್ರಿಲಿನಲ್ಲಿ ತಲೆಸುತ್ತಿ ಸೀರೆಗಳ ರಾಶಿಯ ಮೇಲೆಯೇ ಬಿದ್ದಳು. ಆ ದಿನದ ಅರ್ಧ ಸಂಬಳ ಹಿಡಿದರು. ಆ ಮಳಿಗೆಯವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರೂ ಬಾಡಿಗೆಯವರೇ, ಗಾಜನ್ನು ಆರಿಸಿದವರು ಅವರಲ್ಲ, ಬಿಲ್ಲು ಕಟ್ಟುವವರು ಮಾತ್ರ ಅವರು. ಕಟ್ಟಿಸಿದವರು ವಾಸವಾಗಿರುವುದು ಬೇರೆ ಊರಿನಲ್ಲಿ.

ಗಾಜಿನ ಗುಣವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಿಸಿಲು ಗಾಜನ್ನು ದಾಟಿ ಸುಲಭವಾಗಿ ಒಳಗೆ ಬರುತ್ತದೆ. ನೆಲಕ್ಕೆ, ಗೋಡೆಗೆ, ಸಾಮಾನಿಗೆ ತಾಗಿ ಅವುಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳಿಂದ ಹೊರಡುವ ಶಾಖ ಮಾತ್ರ ಅದೇ ಗಾಜಿನ ಮೂಲಕ ಹಿಂದಿರುಗಲಾರದು. ಚಳಿ ದೇಶಗಳಲ್ಲಿ ಗಿಡಗಳನ್ನು ಬೆಳೆಸಲು ಗಾಜಿನ ಮನೆ ಕಟ್ಟುವುದು ಈ ಕಾರಣದಿಂದಲೇ. ಬೇಸಿಗೆಯಲ್ಲಿ 40 ಡಿಗ್ರಿಯ ಹತ್ತಿರ ಕಾಯುವ ನಮ್ಮ ಸೀಮೆಯಲ್ಲಿ ಮನುಷ್ಯರನ್ನು ಗಾಜಿನ ಮನೆಯಲ್ಲಿ ಬೆಳೆಸಲು ಹೊರಟಿರುವುದು ವಿಚಿತ್ರ. ಬೆಂಗಳೂರಿನಲ್ಲಿ ಹಾಗಿದೆ, ಇಲ್ಲೇಕೆ ಬೇಡ ಎನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಚಳ್ಳಕೆರೆ ಸುಮಾರು 585 ಮೀಟರು. ಅಲ್ಲಿಯ ಅಂಗಿ ಇಲ್ಲಿಯ ಮೈಗೆ ಹೊಂದೀತು ಹೇಗೆ? (ಬೆಂಗಳೂರಿಗೂ ಆ ಅಂಗಿ ಹೊಂದಿದೆಯೆಂದು ನಾನು ಹೇಳುತ್ತಿಲ್ಲ.)

ನಮ್ಮ ದೇಶದಲ್ಲಿ ಈ ಬಗೆಗೆ ಕಾನೂನೇ ಇಲ್ಲವೆಂದು ಹಲವರು ಭಾವಿಸಿದ್ದಾರೆ, ಇದೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು. ಅದರ ಅಡಿಯಲ್ಲಿ 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಹೊರಡಿಸಿದರು, 2017ರಲ್ಲಿ ಪರಿಷ್ಕರಿಸಿದರು. 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಸಂಪರ್ಕವುಳ್ಳ ಹೊಸ ವಾಣಿಜ್ಯ ಕಟ್ಟಡಗಳಿಗೆ ಅದು ಅನ್ವಯಿಸತಕ್ಕದ್ದು. ಗೋಡೆಯ ಒಟ್ಟು ವಿಸ್ತೀರ್ಣದಲ್ಲಿ ಗಾಜು ನೂರಕ್ಕೆ 40 ಭಾಗ ಮೀರಕೂಡದು, ಮಟ್ಟಸವಾದ ತಾರಸಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಹೊಡೆಯುವಂತಿರಬೇಕು, ಗೋಡೆಯ ಮೂಲಕ ಶಾಖ ಇಷ್ಟೇ ಒಳಗೆ ಬರಬಹುದು ಎಂದು ಮುಂತಾಗಿ ಅದರಲ್ಲಿ ಲೆಕ್ಕಗಳಿವೆ. ಇವನ್ನು ಪಾಲಿಸಿದ ಕಟ್ಟಡ ಸಾಧಾರಣ ಕಟ್ಟಡಕ್ಕಿಂತ ನೂರಕ್ಕೆ 25ರಷ್ಟಾದರೂ ಕಡಮೆ ವಿದ್ಯುತ್ತಿನಿಂದ ನಡೆಯಬೇಕೆಂಬುದು ಪರಿಷ್ಕೃತ ಸಂಹಿತೆಯ ಗುರಿ. ಆದರೆ ಸಂಹಿತೆ ದೆಹಲಿಯಲ್ಲಿ ಹುಟ್ಟಿದ ಮಾತ್ರಕ್ಕೆ ಊರಿನಲ್ಲಿ ನಡೆಯುವುದಿಲ್ಲ. ರಾಜ್ಯ ಸರ್ಕಾರ ಅದನ್ನು ಅಂಗೀಕರಿಸಿ, ನಗರಸಭೆ ಪಟ್ಟಣ ಪಂಚಾಯಿತಿಗಳು ನಕ್ಷೆಗೆ ಮಂಜೂರಾತಿ ಕೊಡುವಾಗ ನೋಡಿದರೆ ಮಾತ್ರ ಅದು ಜೀವಂತವಾದೀತು. ಮೊಳಕಾಲ್ಮುರಿನಿಂದ ಅಷ್ಟು ದೂರವೇನೂ ಇಲ್ಲದ ರಾಯದುರ್ಗ ಆಂಧ್ರಕ್ಕೆ ಸೇರಿದುದು. ಅವಿಭಕ್ತ ಆಂಧ್ರಪ್ರದೇಶವು 2014ರಲ್ಲಿಯೇ ಈ ಸಂಹಿತೆಯನ್ನು ಕೈಗೆತ್ತಿಕೊಂಡಿತ್ತು.

ಇದಲ್ಲದೆ ಪದಕ ಕೊಡುವ ಸಂಸ್ಥೆಗಳೂ ಉಂಟು. ಹೈದರಾಬಾದಿನಲ್ಲಿ 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರಕ್ಕೆ ಅಮೆರಿಕೆಯ ಪದ್ಧತಿಯ ಅತ್ಯುಚ್ಚ ಶ್ರೇಣಿ ದೊರೆತಿತ್ತು. ನಮ್ಮ ದೇಶದ್ದೇ ಆದ 'ಗೃಹ' ಎಂಬ ಶ್ರೇಣಿಯ ಪದ್ಧತಿಯೂ ಇದೆ. ಇವೆಲ್ಲ ಒಳ್ಳೆಯವೇ. ಆದರೆ ಇಷ್ಟಪಟ್ಟವನು ಹಣ ಕಟ್ಟಿ ಪಡೆಯುವ ಪದಕ ಬೇರೆ, ಎಲ್ಲರೂ ಪಾಲಿಸಬೇಕಾದ ಕಟ್ಟಳೆ ಬೇರೆ. ಜಾಣ ವಿದ್ಯಾರ್ಥಿಗಳಿಗೆ ಬಹುಮಾನ ಕೊಟ್ಟರೆ ಪರೀಕ್ಷೆಯೇ ಬೇಡವೆಂದಾಗುವುದೇ? ಪದಕಗಳು ಬೆಂಗಳೂರು ಹೈದರಾಬಾದುಗಳ ಕಂಪನಿಗಳ ಗೋಡೆಯ ಮೇಲೆ ಹೊಳೆಯುತ್ತವೆ. ಚಳ್ಳಕೆರೆಯ ಕಲ್ಯಾಣ ಮಂಟಪಕ್ಕೆ ಪದಕ ಯಾರಿಗೆ ಬೇಕಾಗಿದೆ?

ಈಗ ನಮ್ಮ ಎರಡು ತಾಲ್ಲೂಕುಗಳ ಪ್ರಶ್ನೆಗೆ ಬರುತ್ತೇನೆ. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಅಗಲವಾದಂದಿನಿಂದ ಅದರ ಅಕ್ಕಪಕ್ಕದಲ್ಲಿ ಲಾಡ್ಜು, ವಾಹನಗಳ ಮಳಿಗೆ, ಖಾಸಗಿ ಆಸ್ಪತ್ರೆ, ಕಲ್ಯಾಣ ಮಂಟಪಗಳು ಏಳುತ್ತಲೇ ಇವೆ. ಇವುಗಳಲ್ಲಿ ಅನೇಕವು 100 ಕಿಲೋವ್ಯಾಟಿನ ಗೆರೆಗೆ ತಾಗುವುದೇ ಇಲ್ಲ. ನಲವತ್ತು ಅಂಗಡಿಗಳ ಒಂದು ದೊಡ್ಡ ವಾಣಿಜ್ಯ ಸಂಕೀರ್ಣವನ್ನೇ ತೆಗೆದುಕೊಳ್ಳಿ. ಒಂದೊಂದು ಅಂಗಡಿಗೆ ಒಂದೊಂದು ಮೀಟರು ಹಾಕಿಸಿದರೆ ಪ್ರತಿಯೊಂದೂ ನಾಲ್ಕೈದು ಕಿಲೋವ್ಯಾಟಿನ ಸಣ್ಣ ಬಳಕೆದಾರ; ಕೂಡಿಸಿದರೆ ಗೆರೆ ದಾಟಿದ ದೊಡ್ಡ ಕಟ್ಟಡ. ಕೂಡಿಸುವವರಾರು? ಆದುದರಿಂದ ವಿದ್ಯುತ್ತಿನ ಲೆಕ್ಕದ ಜೊತೆಗೆ ವಿಸ್ತೀರ್ಣದ ಲೆಕ್ಕವನ್ನೂ ಹಿಡಿಯಬೇಕು. ಎಲ್ಲ ಅಂತಸ್ತುಗಳೂ ಸೇರಿ 10 ಸಾವಿರ ಚದರಡಿ ಮೀರಿದ ಪ್ರತಿಯೊಂದು ಹೊಸ ವಾಣಿಜ್ಯ ಕಟ್ಟಡವೂ, ಮೀಟರು ಎಷ್ಟೇ ಇರಲಿ, ಕಟ್ಟಳೆಗೆ ಒಳಪಡಲಿ ಎಂಬುದು ನನ್ನ ಸಲಹೆ. ಇದು ಕಾನೂನಿಗೆ ಹೊರತಾದ ಬೇಡಿಕೆಯೇನೂ ಅಲ್ಲ. ಸಂಹಿತೆಯನ್ನು ಸ್ಥಳೀಯ ಹವಾಗುಣಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಅಧಿಕಾರವನ್ನು ಮೂಲ ಕಾಯಿದೆಯೇ ರಾಜ್ಯಗಳಿಗೆ ಕೊಟ್ಟಿದೆ. 2022ರ ತಿದ್ದುಪಡಿಯಂತೆ ಆ 100 ಕಿಲೋವ್ಯಾಟಿನ ಗೆರೆಯನ್ನು ಇನ್ನೂ ಕೆಳಗಿಳಿಸಲೂ ರಾಜ್ಯಕ್ಕೆ ಅವಕಾಶವಿದೆ. ಬಾಗಿಲು ತೆರೆದಿದೆ, ಒಳಗೆ ಹೋಗಬೇಕಷ್ಟೆ.

ಹಳೆಯ ಮನೆಗಳ ಮಾತೆತ್ತದೆ ಈ ವಿಷಯ ಮುಗಿಯದು. ಚರ್ಚಾಕೂಟದಲ್ಲಿ ನನ್ನ ಪಕ್ಷದವರೇ ಒಬ್ಬರು ಮಾಳಿಗೆ ಮನೆಯನ್ನು ಹಾಡಿ ಹೊಗಳಿದರು. ತೊಲೆ, ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಮಣ್ಣು, ಒಂದೂವರೆ ಮೊಳ ದಪ್ಪದ ಗೋಡೆ, ಬೇಸಿಗೆಯಲ್ಲಿ ತಂಪು. ಎಲ್ಲವೂ ನಿಜ. ಆದರೆ ಅದನ್ನು ಹೊಗಳುವವರು ಅದರಲ್ಲಿ ಮಳೆಗಾಲ ಕಳೆದವರಾಗಿರಲಾರರು. ನಾನು ಹುಟ್ಟಿದ್ದು ಅಂಥ ಮನೆಯಲ್ಲಿ. ಮಳೆ ಹಿಡಿಯಿತೆಂದರೆ ತಾಯಿಯವರು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಸೋರುವ ಜಾಗಗಳಿಗೆ ಹಂಚುತ್ತಿದ್ದರು. ವರ್ಷವರ್ಷವೂ ಮಾಳಿಗೆಗೆ ಚೌಳುಮಣ್ಣು ಹೊತ್ತು ಹಾಕಬೇಕಾಗಿತ್ತು, ಹೊತ್ತವರು ಅವರೇ. ಜಂತೆಯ ಸಂದಿಯಿಂದ ಚೇಳು ಬಿದ್ದುದನ್ನೂ ನೋಡಿದ್ದೇನೆ. ತಂದೆಯವರು ಸಾಲ ಮಾಡಿ ತಾರಸಿ ಹಾಕಿಸಿದ ದಿನ ಮನೆಯಲ್ಲಿ ಹಬ್ಬದ ಊಟವಾಯಿತು. ಬಡವನು ತಾರಸಿ ಬಯಸುವುದನ್ನು ಅಪರಾಧವೆಂದು ಹೇಳುವ ಹಸಿರುವಾದ ನನಗೆ ಬೇಡ. ನಾನು ಕೇಳುತ್ತಿರುವುದು ದೊಡ್ಡ ಕಟ್ಟಡಗಳಿಗೆ ಮಾತ್ರ, ಹೊಸ ಕಟ್ಟಡಗಳಿಗೆ ಮಾತ್ರ.

ಹಳೆಯದರಿಂದ ಕಲಿಯಬೇಕಾದುದು ಅದರ ಸಾಮಗ್ರಿಗಿಂತ ಅದರ ಲೆಕ್ಕಾಚಾರ. ಎಣ್ಣೆಗೆ ಹೆಸರಾದ ಊರು ಚಳ್ಳಕೆರೆ. ಇಲ್ಲಿಯ ಹಳೆಯ ಕಡಲೆಕಾಯಿ ಎಣ್ಣೆ ಮಿಲ್ಲುಗಳನ್ನು ನೋಡಿ: ಎತ್ತರದ ಮಾಡು, ಗೋಡೆಯ ನೆತ್ತಿಯಲ್ಲಿ ಗಾಳಿಕಿಂಡಿ. ಬಿಸಿಗಾಳಿ ಹಗುರಾಗಿ ಮೇಲೇರಿ ಹೊರಗೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಬರುತ್ತದೆ; ಇದಕ್ಕೆ ಕರೆಂಟು ಬೇಡ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆ ಸೀರೆ ಹುಟ್ಟುವುದು ನೇಕಾರನ ಮನೆಯೊಳಗೆ. ಎಳೆಯ ಬಣ್ಣ ಕಾಣಲು ಮಗ್ಗಕ್ಕೆ ಬೆಳಕು ಬೇಕು, ಆದರೆ ಬಿಸಿಲು ಬೇಡ. ಕಣ್ಣು ಕುಕ್ಕದ ಬೆಳಕನ್ನು ಮಗ್ಗದ ಮೇಲೆ ಬೀಳಿಸುವ ಹಂಚಿಕೆ ಅಲ್ಲಿಯ ಮನೆಗಳಲ್ಲಿತ್ತು. ನೇಕಾರನು ದುಡ್ಡಿಲ್ಲದೆ ಸಾಧಿಸಿದ್ದನ್ನು ಅದೇ ಸೀರೆ ಮಾರುವ ಮಳಿಗೆಯವನು ದುಡ್ಡು ಸುರಿದು ಕೆಡಿಸುತ್ತಾನೆ: ಗಾಜಿನಿಂದ ಬಿಸಿಲನ್ನು ಒಳಗೆ ಬಿಟ್ಟು, ಪರದೆ ಎಳೆದು ಅದನ್ನು ತಡೆದು, ಹಗಲಿನಲ್ಲೇ ನೂರು ದೀಪ ಹೊತ್ತಿಸಿ, ಆ ದೀಪಗಳ ಕಾವನ್ನೂ ತಣಿಸಲು ಮತ್ತೊಂದು ಯಂತ್ರ ಇಡುತ್ತಾನೆ.

ಸಾಮಗ್ರಿಯಲ್ಲಿಯೂ ಹೊಸ ದಾರಿಗಳು ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಗ್ರಾಮಾಂತರ ತಂತ್ರಜ್ಞಾನದ ಕೇಂದ್ರ ಆರಂಭವಾಯಿತು. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಸುಡುವ ಸೌದೆ ಉಳಿಯಿತು. ಮಳೆಗೆ ಕರಗುವ ಮಣ್ಣೆಂಬ ಅಂಜಿಕೆಯೂ ತಪ್ಪಿತು.

ನೀರಿನ ವಿಷಯವನ್ನು ಇದಕ್ಕಿಂತ ಮುಖ್ಯವೆಂದೇ ನಾನು ಎಣಿಸುತ್ತೇನೆ. ಚಳ್ಳಕೆರೆ ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ವರ್ಷಕ್ಕೆ 450 ಮಿಲಿಮೀಟರಿನ ಆಸುಪಾಸು. ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚಾಗಿ ಎತ್ತುತ್ತಿರುವ ತಾಲ್ಲೂಕುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇಂಥ ಊರಿನಲ್ಲಿ ಒಂದು ಕಲ್ಯಾಣ ಮಂಟಪದ ಮದುವೆಗೆ ಎಷ್ಟು ಟ್ಯಾಂಕರು ನೀರು ಬೇಕೆಂಬುದನ್ನು ಅಡಿಗೆಯವರನ್ನು ಕೇಳಿ ತಿಳಿಯಬಹುದು. ಆದರೆ ಅದೇ ಮಂಟಪದ ನೆತ್ತಿಯ ಮೇಲೆ ಬೀಳುವ ನೀರಿನ ಲೆಕ್ಕ ಯಾರೂ ಹಾಕುವುದಿಲ್ಲ. ನಾವು ಹಾಕೋಣ. ತಾರಸಿ 10 ಸಾವಿರ ಚದರಡಿಯದಾದರೆ ಅದು ಸುಮಾರು 930 ಚದರ ಮೀಟರು. 450 ಮಿಲಿಮೀಟರಿನಂತೆ ಅದರ ಮೇಲೆ ವರ್ಷಕ್ಕೆ ಬೀಳುವುದು 4 ಲಕ್ಷ ಲೀಟರಿಗೂ ಮಿಗಿಲು. ಆವಿಯಾದುದು, ಚೆಲ್ಲಿದುದು ಎಂದು ಐದರಲ್ಲಿ ಒಂದು ಪಾಲನ್ನು ಕಳೆದರೂ 3 ಲಕ್ಷ ಲೀಟರಿಗೆ ಮೋಸವಿಲ್ಲ. 6 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 50ಕ್ಕೂ ಹೆಚ್ಚು ಟ್ಯಾಂಕರು. ಇದೆಲ್ಲ ಈಗ ಪೈಪಿನಲ್ಲಿಳಿದು ರಸ್ತೆಗೆ ಹರಿದು, ದಾರಿಹೋಕರ ಪಂಚೆ ಲಂಗಗಳಿಗೆ ಕೆಸರು ಹಾರಿಸಿ ಮಾಯವಾಗುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾದುದೇ ನಾಚಿಕೆ. ದುರ್ಗದ ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಬಂಡೆಯ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಮುಂದಿನದಕ್ಕೆ, ಅದು ತುಂಬಿ ಕೆಳಗಿನದಕ್ಕೆ, ಕೊನೆಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೆ ಇಳಿಯುವಂತೆ ಮಾಡಿದ್ದ ವ್ಯವಸ್ಥೆ ಅದು. ಪಾಳೆಯಗಾರರ ಕಾಲದವರು ಕಲ್ಲುಬಂಡೆಯನ್ನೇ ತಾರಸಿ ಮಾಡಿಕೊಂಡರು. ನಾವು ತಾರಸಿ ಕಟ್ಟಿಯೂ ಅದನ್ನು ಬರಿಯ ಬಂಡೆ ಮಾಡಿಕೊಂಡಿದ್ದೇವೆ. ಬೆಂಗಳೂರಿನಲ್ಲಿ 2009ರಲ್ಲಿ ಜಲಮಂಡಲಿಯ ಕಾಯಿದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದರು. ತೊಟ್ಟಿ ಕಟ್ಟದೆ ದಂಡ ತೆತ್ತುಕೊಂಡೇ ಇದ್ದವರೂ ಅಲ್ಲಿ ಉಂಟು. ಕಡ್ಡಾಯ ಮಾಡಿದರೂ ದಂಡ ಹಗುರವಾದರೆ ಹೀಗಾಗುತ್ತದೆಂಬ ಪಾಠವನ್ನು ಅದರಿಂದ ಕಲಿಯಬಹುದು.

ಆಕ್ಷೇಪಣೆಗಳು ಎರಡು. ಒಂದು, ಖರ್ಚು ಹೆಚ್ಚುತ್ತದೆಂಬುದು. ಇದನ್ನು ನಾನು ತಂದೆಯವರನ್ನೇ ಕೇಳಿದೆ. "ಗಾಜಿಗೆ ಹಾಕೋ ದುಡ್ಡಿನಾಗೆ ಗೋಡೆ ಕಟ್ಟಿ, ಗಾರೆ ಮಾಡಿ, ಸಜ್ಜಾ ಹಾಕಿ, ಸುಣ್ಣ ಬಳಿದು, ಮಿಕ್ಕಿದ್ರಾಗೆ ಸಂಪೂ ತೋಡಬಹುದಪ್ಪ" ಎಂದರು. ಗೋಡೆ, ಸಜ್ಜಾ, ಬಿಳಿ ತಾರಸಿ, ಸಂಪುಗಳ ಮಟ್ಟಿಗೆ ಅವರ ಲೆಕ್ಕವೇ ನನಗೆ ಸಾಕು. ಬಹಳ ದೊಡ್ಡ ಆಸ್ಪತ್ರೆ, ಹೋಟೆಲುಗಳಲ್ಲಿ ಯಂತ್ರಗಳಿಗಾಗಿ ಮೊದಲು ಹೆಚ್ಚು ಖರ್ಚಾಗುವುದು ನಿಜ. ಅದು ಬಿಲ್ಲಿನಲ್ಲಿ ಹಿಂದಿರುಗುತ್ತದೆ. ಯಾರ ಬಿಲ್ಲಿನಲ್ಲಿ ಎಂಬುದನ್ನು ಹಿಂದೆಯೇ ಹೇಳಿದ್ದೇನೆ.

ಎರಡನೆಯದು ಇದಕ್ಕಿಂತ ಗಟ್ಟಿಯಾದುದು. ಕಟ್ಟಳೆ ಮಾಡಿದರೆ ಕಚೇರಿಯಲ್ಲಿ ಇನ್ನೊಂದು ಮೇಜು ಹುಟ್ಟುತ್ತದೆ, ಮೇಜಿನ ಕೆಳಗೆ ಇನ್ನೊಂದು ಕೈ ಹುಟ್ಟುತ್ತದೆ ಎಂದು ಮಿತ್ರರು ಹೇಳಿದಾಗ ಸಭೆಯೆಲ್ಲ ನಕ್ಕಿತು; ನಾನೂ ನಕ್ಕೆ. ಆದರೆ ಇದಕ್ಕೆ ಉಪಾಯವಿದೆ. ಕಟ್ಟಳೆಯಲ್ಲಿ ಮೊದಲು ಬರಬೇಕಾದವು ಕಣ್ಣಿಗೆ ಕಾಣುವ, ಟೇಪು ಹಿಡಿದು ಅಳೆಯಬಹುದಾದ ಸಂಗತಿಗಳು. ಗೋಡೆಯಲ್ಲಿ ಗಾಜು ಎಷ್ಟು? ಪಡುವಣ ಕಿಟಕಿಗೆ ನೆರಳು ಉಂಟೋ ಇಲ್ಲವೋ? ಕಿಟಕಿ ತೆರೆಯುತ್ತದೆಯೇ? ತಾರಸಿ ಬಿಳಿಯದೇ? ಮಳೆಯ ಪೈಪು ಸಂಪಿಗೆ ಹೋಗುತ್ತದೆಯೋ ಚರಂಡಿಗೋ? ಇವನ್ನು ರಸ್ತೆಯಲ್ಲಿ ನಿಂತು ಹೈಸ್ಕೂಲಿನ ಹುಡುಗನೂ ಪರೀಕ್ಷಿಸಬಹುದು. ಎಲ್ಲರೂ ನೋಡಬಹುದಾದ ಕಡೆ ಸುಳ್ಳು ಪ್ರಮಾಣಪತ್ರಕ್ಕೆ ಬೆಲೆ ಕಡಮೆ. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕಾದ ಸೂಕ್ಷ್ಮಗಳನ್ನು ಅತಿ ದೊಡ್ಡ ಕಟ್ಟಡಗಳಿಗೆ ಮೀಸಲಿಡಲಿ.

ಜಾರಿಗೆ ತರುವ ಕೈ ಯಾವುದು ಎಂಬುದಕ್ಕೂ ನಮ್ಮಲ್ಲಿಯೇ ಮೇಲ್ಪಂಕ್ತಿಯಿದೆ. ಕರ್ನಾಟಕದಲ್ಲಿ 2007ರಲ್ಲಿ, ನಿಗದಿಯಾದ ವಿಸ್ತೀರ್ಣ ಮೀರಿದ ಹೊಸ ಮನೆಗಳಿಗೂ ಹೋಟೆಲು ಆಸ್ಪತ್ರೆಗಳಂತಹ ಕಟ್ಟಡಗಳಿಗೂ ಬಿಸಿಲಿನಿಂದ ನೀರು ಕಾಯಿಸುವ ಸಾಧನವನ್ನು ಕಡ್ಡಾಯ ಮಾಡಿದರು. ವಿದ್ಯುತ್ ಸಂಪರ್ಕಕ್ಕೆ ಅದನ್ನು ಗಂಟುಹಾಕಿದರು. ಇಂದು ಊರೂರಿನ ತಾರಸಿಗಳ ಮೇಲೆ ಆ ಕೊಳವೆಗಳು ಕಾಣುತ್ತಿರುವುದಕ್ಕೆ ಆ ಗಂಟೂ ಒಂದು ಕಾರಣ. ಕರೆಂಟಿಲ್ಲದೆ ಯಾವ ಮಳಿಗೆಯೂ ಬಾಗಿಲು ತೆರೆಯಲಾರದು. ನಮ್ಮ ಜಿಲ್ಲೆ ಬೆಸ್ಕಾಂಗೆ ಸೇರಿದುದು. ಟೇಪು ಹಿಡಿದು ಅಳೆದ ಪಟ್ಟಿ ಬೆಸ್ಕಾಂ ಕಚೇರಿಗೆ ತಲುಪುವವರೆಗೆ ದೊಡ್ಡ ಕಟ್ಟಡಕ್ಕೆ ಕಾಯಂ ಸಂಪರ್ಕವಿಲ್ಲವೆಂದು ಒಂದು ಆಜ್ಞೆ ಹೊರಟರೆ ಸಾಕು.

ಸರ್ಕಾರ ಮೊದಲು ತನ್ನ ಮನೆಯನ್ನು ನೋಡಿಕೊಳ್ಳಬೇಕೆಂಬುದನ್ನೂ ಹೇಳಲೇಬೇಕು. ನಾಯಕನಹಟ್ಟಿಯ ಹತ್ತಿರ ಕುದಾಪುರದ ಸುತ್ತಿನ ಅಮೃತಮಹಲ್ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಗಳಿಗೆ ಸಾವಿರಾರು ಎಕರೆ ಭೂಮಿ ಕೊಟ್ಟರು. ವಿಜ್ಞಾನ ಸಂಸ್ಥೆಯೊಂದರ ಪಾಲೇ 1,500 ಎಕರೆ. ದನಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕಿದವರ ಹುಲ್ಲುಗಾವಲು ಅದು. 2013ರಲ್ಲಿ ಈ ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋದುದು ವಾಚಕರಿಗೆ ತಿಳಿದೇ ಇದೆ. ಆ ವ್ಯಾಜ್ಯದ ಸರಿತಪ್ಪುಗಳನ್ನು ಇಲ್ಲಿ ತೂಗಲು ಹೋಗುವುದಿಲ್ಲ. ನೆರೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವೂ ಆಯಿತು. ಹುಲ್ಲು ಬೆಳೆದಿದ್ದ, ಕಡಲೆಕಾಯಿ ಬೆಳೆದಿದ್ದ ನೆಲಗಳು ದೇಶದ ಅಗತ್ಯಕ್ಕೆಂದು ಹೋದವು. ಹಾಗೆ ಬಂದ ವಿದ್ಯುತ್ತನ್ನು ಬಿಗಿದ ಗಾಜಿನ ಹಿಂದೆ ತಾವೇ ಕೂಡಿಟ್ಟ ಕಾವನ್ನು ಹೊರದೂಡಲು ಸುರಿಯುವುದು ಆ ನೆಲ ಬಿಟ್ಟುಕೊಟ್ಟವರಿಗೆ ಮಾಡುವ ಅಗೌರವ. ಕುದಾಪುರದ ಆವರಣಗಳಲ್ಲಿ ಮುಂದೆ ಏಳುವ ಪ್ರತಿಯೊಂದು ಕಟ್ಟಡವೂ, ತಾಲ್ಲೂಕಿನಲ್ಲಿ ಸರ್ಕಾರ ಕಟ್ಟುವ ಪ್ರತಿಯೊಂದು ಕಚೇರಿ ಆಸ್ಪತ್ರೆಯೂ ಸಂಹಿತೆಯ ಕನಿಷ್ಠಕ್ಕಿಂತ ಒಂದು ಮೆಟ್ಟಿಲು ಮೇಲಿರಬೇಕು. ಅವುಗಳ ತಿಂಗಳ ವಿದ್ಯುತ್ ಮತ್ತು ನೀರಿನ ಲೆಕ್ಕವನ್ನು ಬಾಗಿಲಲ್ಲಿ ಹಲಗೆಯ ಮೇಲೆ ಬರೆಯಬೇಕು. 'ಅಸ್ತ್ರ'ವನ್ನು ಹುಟ್ಟಿಸಿದ ಸಂಸ್ಥೆಯ ಆವರಣವೇ ನಮ್ಮ ತಾಲ್ಲೂಕಿನಲ್ಲಿರುವಾಗ, ಗಾರೆಯವರಿಗೆ ಸುಡದ ಇಟ್ಟಿಗೆಯ ಕೆಲಸ ಕಲಿಸಲು ಬೇರೆಲ್ಲಿಗೆ ಹೋಗಬೇಕು?

ಮೊಳಕಾಲ್ಮುರಿನ ಸ್ಥಿತಿ ಚಳ್ಳಕೆರೆಗಿಂತ ಭಿನ್ನ. ಅಲ್ಲಿ ದೊಡ್ಡ ಕಟ್ಟಡಗಳು ಇನ್ನೂ ವಿರಳ. ಹಾಗೆಂದೇ ಅಲ್ಲಿ ಕಟ್ಟಳೆಗೆ ಹೆಚ್ಚಿನ ಅವಸರ. ಕಟ್ಟಡವೊಂದು ಎದ್ದಿತೆಂದರೆ ಐವತ್ತು ವರ್ಷ ನಿಲ್ಲುತ್ತದೆ. ಪಡುವಣಕ್ಕೆ ತಿರುಗಿದ ಮುಖವನ್ನು ಆಮೇಲೆ ಮೂಡಣಕ್ಕೆ ತಿರುಗಿಸಲಾಗದು. ಚಳ್ಳಕೆರೆಯಲ್ಲಿ ಆಗಿಹೋದುದನ್ನು ಮೊಳಕಾಲ್ಮುರಿನಲ್ಲಿ ಆಗದಂತೆ ನೋಡಿಕೊಳ್ಳಲು ಈಗಲೂ ಕಾಲವಿದೆ.

ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇಲ್ಲಿ ಬ್ರಹ್ಮಗಿರಿ ನೆನಪಾಗುತ್ತದೆ. 1892ರಲ್ಲಿ ರೈಸ್ ಅವರು ಮೊಳಕಾಲ್ಮುರು ತಾಲ್ಲೂಕಿನಲ್ಲಿ ಪತ್ತೆಮಾಡಿದ ಅಶೋಕನ ಶಾಸನ, ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ದೂರದ ಅಧಿಕಾರದ ಮಾತನ್ನು ಈ ನೆಲದ ಬಂಡೆಯ ಮೇಲೆ, ಹಾದುಹೋಗುವವರಿಗೆ ಕಾಣುವಂತೆ ಕೆತ್ತಿಸಿದರು. ಇಂದಿನ ಕಟ್ಟಡ ಸಂಹಿತೆಯಾದರೋ ದಪ್ಪನೆಯ ಇಂಗ್ಲಿಷ್ ಪುಸ್ತಕ. ನನ್ನಂಥ ಅಂತಿಮ ಬಿ.ಎ. ತರಗತಿಯವನೇ ಅದರಲ್ಲಿ ನಾಲ್ಕು ಪುಟ ದಾಟಲು ಎರಡು ಸಂಜೆ ಹಿಡಿಯಿತು. ಗೋಡೆ ಕಟ್ಟುವ ಕೈಗಳಿಗೆ ಅದು ತಲುಪುವುದು ಹೇಗೆ? ನೂರು ಚದರಡಿ ಗೋಡೆಗೆ ಗಾಜು ಇಷ್ಟು, ಪಡುವಣ ಕಿಟಕಿಗೆ ಸಜ್ಜಾ ಇಷ್ಟು ಅಡಿ, ಇಷ್ಟು ತಾರಸಿಗೆ ಇಷ್ಟು ಲೀಟರಿನ ಸಂಪು ಎಂದು ತಂದೆಯವರು ಓದಬಲ್ಲ ಕನ್ನಡದಲ್ಲಿ, ಚಿತ್ರಸಹಿತವಾಗಿ, ಒಂದೇ ಪುಟದಲ್ಲಿ ಅಚ್ಚುಹಾಕಿಸಬೇಕು. ಚಳ್ಳಕೆರೆಯ ನಗರಸಭೆ ಮತ್ತು ಮೊಳಕಾಲ್ಮುರಿನ ಪಟ್ಟಣ ಪಂಚಾಯಿತಿಗಳು ಮಂಜೂರು ಮಾಡುವ ಪ್ರತಿಯೊಂದು ದೊಡ್ಡ ನಕ್ಷೆಯ ಜೊತೆಗೆ ಆ ಪುಟವನ್ನು ಹೊಲಿದು ಕೊಡಬೇಕು. ಅದರ ಇನ್ನೊಂದು ಪ್ರತಿಯನ್ನು, ಮಾಲೀಕರ ಹೆಸರಿನ ಹಲಗೆಯ ಪಕ್ಕದಲ್ಲಿ, ಕೆಲಸ ನಡೆಯುವ ಜಾಗದಲ್ಲಿಯೇ ತೂಗುಹಾಕಬೇಕು.